ನಮ್ಮೂರಿನ ಹುಳ ನಮ್ಮ ಲ್ಯಾಬಿಗೆ ಬರಲಿ

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ‘ಪ್ರಾಣಿ ಸಾಮ್ರಾಜ್ಯ’ ಎಂಬ ಪಾಠವಿದೆ. ಪೊರಿಫೆರಾದಿಂದ ಕಾರ್ಡೇಟಾದವರೆಗೆ ಹನ್ನೊಂದು ವಂಶಗಳು. ಸಂಧಿಪದಿಗಳ ಭಾಗಕ್ಕೆ ಬಂದಾಗ ಆರ್ಥಿಕವಾಗಿ ಮುಖ್ಯವಾದ ಕೀಟಗಳೆಂದು ಮೂರು ಹೆಸರುಗಳು ಸಿಗುತ್ತವೆ: ಏಪಿಸ್, ಬಾಂಬಿಕ್ಸ್, ಲ್ಯಾಸಿಫರ್. ಜೇನು, ರೇಷ್ಮೆಹುಳು, ಅರಗಿನ ಹುಳು. ನಾವೆಲ್ಲ ಅದನ್ನು ಬಾಯಿಪಾಠ ಮಾಡಿದ್ದೇವೆ. ಪರೀಕ್ಷೆಯಲ್ಲಿ ‘ಇವುಗಳಲ್ಲಿ ಯಾವುದು ರೋಗವಾಹಕವಲ್ಲ’ ಎಂದು ಕೇಳಿದರೆ ಬಾಂಬಿಕ್ಸ್‌ಗೆ ಗುರುತು ಹಾಕುತ್ತೇವೆ. ಒಂದು ಅಂಕ ಬರುತ್ತದೆ. ಅಲ್ಲಿಗೆ ಮುಗಿಯಿತು.

ಆ ಒಂದು ಪದದ ಮೇಲೆ ಶಿಡ್ಲಘಟ್ಟ ನಿಂತಿದೆ ಎಂಬುದನ್ನು ನಮ್ಮಲ್ಲಿ ಎಷ್ಟು ಜನ ಯೋಚಿಸಿದ್ದೇವೆ? ನಮ್ಮ ಕಾಲೇಜಿನ ಯಾವ ತರಗತಿಗೆ ಹೋದರೂ ರೀಲರ್‌ಗಳ ಮಕ್ಕಳಿದ್ದಾರೆ, ಗೂಡಿನ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವವರ ಮಕ್ಕಳಿದ್ದಾರೆ, ಹುರಿ ಮಿಷನ್ ಇಟ್ಟವರ ಮಕ್ಕಳಿದ್ದಾರೆ, ಸುತ್ತಲ ಹಳ್ಳಿಗಳಿಂದ ಬರುವ ಹುಳು ಸಾಕುವ ರೈತರ ಮಕ್ಕಳಿದ್ದಾರೆ. ನಮ್ಮ ಫೀಸು, ನಮ್ಮ ಪುಸ್ತಕ, ನಮ್ಮ ಅಕ್ಕಂದಿರ ಮದುವೆ, ಎಲ್ಲದರ ಹಿಂದೆಯೂ ಒಂದು ಹುಳುವಿದೆ. ಆದರೂ ನಮ್ಮ ಜೀವಶಾಸ್ತ್ರ ಲ್ಯಾಬಿನಲ್ಲಿ ರೇಷ್ಮೆಹುಳು ಇರುವುದು ಫಾರ್ಮಲಿನ್ ತುಂಬಿದ ಒಂದು ಬಾಟಲಿಯಲ್ಲಿ ಮಾತ್ರ. ಬಣ್ಣ ಹೋಗಿ, ಲೇಬಲ್ ಮಾಸಿ, ಅದು ಯಾವ ಪ್ರಾಣಿ ಎಂದು ಹೇಳುವುದೂ ಕಷ್ಟ. ಜೀವಂತ ಹುಳುವನ್ನು ವರ್ಷಕ್ಕೊಮ್ಮೆಯಾದರೂ ಕಾಲೇಜಿನಲ್ಲೇ ಸಾಕಿ ಓದಬೇಕು ಎಂಬುದು ಈ ಲೇಖನದ ಮಾತು. ಯಾಕೆಂದು ಹೇಳುತ್ತೇನೆ.

ಮೊದಲು ಒಂದು ಪದದ ಬಗ್ಗೆ. ಯಾರಿಗಾದರೂ ಧೈರ್ಯವಿಲ್ಲ ಎಂದರೆ ‘ಬೆನ್ನುಮೂಳೆ ಇಲ್ಲದವನು’ ಎಂದು ಬೈಯುತ್ತೇವೆ. ಅಕಶೇರುಕ ಎಂಬ ವೈಜ್ಞಾನಿಕ ಪದವೂ ಅದೇ ದಾರಿಯಲ್ಲಿದೆ: ಏನಿದೆ ಎಂದು ಹೇಳುವುದಿಲ್ಲ, ಏನಿಲ್ಲ ಎಂದಷ್ಟೇ ಹೇಳುತ್ತದೆ. ಆದರೆ ಇದುವರೆಗೆ ಹೆಸರಿಟ್ಟು ವಿವರಿಸಿರುವ ಪ್ರಾಣಿ ಪ್ರಭೇದಗಳಲ್ಲಿ ಸುಮಾರು ಶೇ. 95ರಷ್ಟು ಬೆನ್ನುಮೂಳೆ ಇಲ್ಲದವೇ. ಹನ್ನೊಂದು ವಂಶಗಳಲ್ಲಿ ಹತ್ತು ಪೂರ್ತಿ ಅವುಗಳದ್ದು; ಹನ್ನೊಂದನೆಯ ಕಾರ್ಡೇಟಾದಲ್ಲೂ ಕೆಲವಕ್ಕೆ ಬೆನ್ನುಮೂಳೆ ಇಲ್ಲ. ಹಾಗೆ ನೋಡಿದರೆ ಲೋಕದಲ್ಲಿ ವಿಚಿತ್ರವಾಗಿರುವವರು ನಾವು, ಮೀನು, ಕಪ್ಪೆ, ಹಾವು, ಹಕ್ಕಿ, ದನಕರುಗಳು. ಪವಿತ್ರ ಕುರ್‌ಆನಿನಲ್ಲೇ ಮೂರು ಸೂರಾಗಳಿಗೆ ಇಂಥ ಸಣ್ಣ ಜೀವಿಗಳ ಹೆಸರಿದೆ: ಅನ್ನಹ್ಲ್ ಎಂದರೆ ಜೇನು, ಅನ್ನಮ್ಲ್ ಎಂದರೆ ಇರುವೆ, ಅಲ್ ಅನ್ಕಬೂತ್ ಎಂದರೆ ಜೇಡ. ಮದರಸಾದಲ್ಲಿ ಈ ಹೆಸರುಗಳನ್ನು ಕಲಿತ ನಾವು ಲ್ಯಾಬಿನಲ್ಲಿ ಹುಳ ಎಂದ ಕೂಡಲೇ ಮುಖ ಸಿಂಡರಿಸುವುದು ಸರಿ ಕಾಣುವುದಿಲ್ಲ.

ಈಗ ನಮ್ಮ ಹುಳುವಿನ ವಿಷಯ. ಮೊಟ್ಟೆಯಿಂದ ಹೊರಬಂದಾಗ ಅದು ಇರುವೆಯಂತೆ ಕಪ್ಪಗೆ, ಅರ್ಧ ಮಿಲಿಗ್ರಾಂನಷ್ಟೂ ತೂಗುವುದಿಲ್ಲ. ಮೂರೂವರೆ-ನಾಲ್ಕು ವಾರದಲ್ಲಿ ಅದೇ ಹುಳು ನಾಲ್ಕೈದು ಗ್ರಾಂ ಆಗುತ್ತದೆ. ಹತ್ತು ಸಾವಿರ ಪಟ್ಟು! ಮನುಷ್ಯರ ಮಗು ಹಾಗೆ ಬೆಳೆದರೆ ಒಂದು ತಿಂಗಳಲ್ಲಿ ಮೂವತ್ತು ಟನ್ ತೂಗಬೇಕಾಗುತ್ತದೆ. ತಿನ್ನುವ ಒಟ್ಟು ಹಿಪ್ಪುನೇರಳೆ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ಕೊನೆಯ ಒಂದು ವಾರದಲ್ಲೇ ಖರ್ಚಾಗುತ್ತದೆ. ಆ ವಾರ ಹುಳುಮನೆಯಲ್ಲಿ ನಿಂತರೆ ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯಂತೆ ಕೇಳುತ್ತದೆ. ಹಳ್ಳಿಯಿಂದ ಬರುವ ಗೆಳತಿಯರನ್ನು ಕೇಳಿ ನೋಡಿ.

ಒಂದು ಹಣ್ಣಾದ ಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡರೆ ಅಕಶೇರುಕಗಳ ಅರ್ಧ ಪಾಠ ಅಲ್ಲೇ ಇದೆ. ಎದೆಯ ಭಾಗದಲ್ಲಿ ಮೂರು ಜೊತೆ ನಿಜವಾದ ಕಾಲುಗಳು. ಕೀಟ ಎನ್ನಲು ಅದೇ ಗುರುತು. ಹೊಟ್ಟೆಯ ಕೆಳಗೆ ಇರುವ ಐದು ಜೊತೆ ಮೆತ್ತನೆಯವು ಸುಳ್ಳು ಕಾಲುಗಳು, ಪತಂಗವಾದಾಗ ಮಾಯವಾಗುತ್ತವೆ. ಎರಡೂ ಪಕ್ಕದಲ್ಲಿ ಸಾಲಾಗಿ ಒಂಬತ್ತೊಂಬತ್ತು ಕಪ್ಪು ಚುಕ್ಕೆಗಳಿವೆಯಲ್ಲ, ಅವೇ ಉಸಿರಾಟದ ರಂಧ್ರಗಳು. ಅಲ್ಲಿಂದ ಗಾಳಿ ಸಣ್ಣ ಸಣ್ಣ ನಾಳಗಳ ಮೂಲಕ ನೇರವಾಗಿ ಜೀವಕೋಶಗಳಿಗೆ ಹೋಗುತ್ತದೆ. ಆಮ್ಲಜನಕ ಸಾಗಿಸುವ ಕೆಲಸ ರಕ್ತಕ್ಕೆ ಇಲ್ಲವಾದ್ದರಿಂದ ಅದರಲ್ಲಿ ಹಿಮೋಗ್ಲೋಬಿನ್ ಇಲ್ಲ, ಕೆಂಪು ಬಣ್ಣವೂ ಇಲ್ಲ. ಬೆನ್ನಿನ ನಡುಗೆರೆಯನ್ನು ಗಮನವಿಟ್ಟು ನೋಡಿದರೆ ಚರ್ಮದ ಅಡಿಯಲ್ಲಿ ಏನೋ ಮಿಡಿಯುವುದು ಬರಿಗಣ್ಣಿಗೆ ಕಾಣುತ್ತದೆ. ಅದು ಅದರ ಹೃದಯ. ನಮಗೆ ಎದೆಯಲ್ಲಿರುವುದು ಅದಕ್ಕೆ ಬೆನ್ನಿನುದ್ದಕ್ಕೂ ಕೊಳವೆಯಾಗಿ ಇದೆ. ನಮಗೆ ಬೆನ್ನಿನಲ್ಲಿರುವ ನರಹುರಿ ಅದಕ್ಕೆ ಹೊಟ್ಟೆಯ ಕಡೆಗಿದೆ. ತೆರೆದ ರಕ್ತಪರಿಚಲನೆ ಎಂದರೇನು ಎಂದು ಎರಡು ಪುಟ ಬರೆಯುವುದಕ್ಕಿಂತ ಈ ಮಿಡಿತವನ್ನು ಒಂದು ನಿಮಿಷ ಎಣಿಸುವುದು ಹೆಚ್ಚು ಕಲಿಸುತ್ತದೆ.

ಹುಳು ಬೆಳೆಯುವಾಗ ನಾಲ್ಕು ಸಲ ಚರ್ಮ ಕಳಚುತ್ತದೆ. ಕೈಟಿನ್ ಇರುವ ಹೊರಚರ್ಮ ನಮ್ಮ ಚರ್ಮದಂತೆ ಹಿಗ್ಗುತ್ತಾ ಹೋಗುವುದಿಲ್ಲ. ಒಂದು ಮಿತಿ ಮುಟ್ಟಿದ ಮೇಲೆ ಹಳೆಯದನ್ನು ಬಿಡಲೇಬೇಕು. ಆ ಹೊತ್ತಿನಲ್ಲಿ ಹುಳು ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು ಒಂದು ದಿನ ಅಲುಗಾಡದೆ ಇರುತ್ತದೆ. ನಮ್ಮ ರೈತರು ಇದಕ್ಕೆ ‘ಜ್ವರ’ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಜ್ವರ ಎದ್ದ ಹುಳು. ಪುಸ್ತಕ ಇದನ್ನೇ ಪೊರೆ ಕಳಚುವಿಕೆ ಎನ್ನುತ್ತದೆ. ಎಷ್ಟು ಚೆಂದದ ಪದ ನೋಡಿ ಜ್ವರ! ಊಟ ಸೇರದೆ ಮಲಗಿದ ಮಗುವನ್ನು ನೋಡಿದ ಹಾಗೆ ಹುಳುವನ್ನು ನೋಡಿದವರು ಮಾತ್ರ ಇಂಥ ಹೆಸರು ಇಡಲು ಸಾಧ್ಯ. ಆದರೆ ಆ ಪದ ಹಳ್ಳಿಯಲ್ಲೇ ಉಳಿದಿದೆ, ಪುಸ್ತಕದ ಪದ ತರಗತಿಯಲ್ಲೇ ಉಳಿದಿದೆ. ಎರಡೂ ಒಂದೇ ಎಂದು ಯಾರೂ ನಮಗೆ ಜೋಡಿಸಿ ತೋರಿಸುವುದಿಲ್ಲ.

ಜೋಡಿಸಿದರೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಒಂದು ಉದಾಹರಣೆ. ಈ ಜ್ವರವನ್ನು ಬರಿಸುವ ಹಾರ್ಮೋನಿನ ಹೆಸರು ಎಕ್ಡೈಸೋನ್. ಜರ್ಮನಿಯ ಬ್ಯುಟೆನಾಂಟ್ ಮತ್ತು ಕಾರ್ಲ್‌ಸನ್ ಎಂಬ ವಿಜ್ಞಾನಿಗಳು 1954ರಲ್ಲಿ ಅದನ್ನು ಮೊದಲ ಬಾರಿಗೆ ಶುದ್ಧರೂಪದಲ್ಲಿ ಬೇರ್ಪಡಿಸಿದರು. ಯಾವುದರಿಂದ ಗೊತ್ತೇ? 500 ಕೆ.ಜಿ. ರೇಷ್ಮೆ ಕೋಶದಿಂದ, ಅಂದರೆ ಗೂಡಿನೊಳಗಿನ ಪ್ಯೂಪಾದಿಂದ. ಸಿಕ್ಕಿದ್ದು 25 ಮಿಲಿಗ್ರಾಂ. ಐದು ವರ್ಷಗಳ ನಂತರ, 1959ರಲ್ಲಿ, ಅದೇ ಬ್ಯುಟೆನಾಂಟ್ ತಂಡ ಐದು ಲಕ್ಷ ಹೆಣ್ಣು ರೇಷ್ಮೆ ಪತಂಗಗಳಿಂದ ‘ಬಾಂಬಿಕಾಲ್’ ಎಂಬ ವಸ್ತುವನ್ನು ಗುರುತಿಸಿತು. ಹೆಣ್ಣು ಪತಂಗ ಗಂಡನ್ನು ಕರೆಯಲು ಗಾಳಿಗೆ ಬಿಡುವ ವಾಸನೆ ಅದು. ಪ್ರಪಂಚದಲ್ಲಿ ರಾಸಾಯನಿಕ ರಚನೆ ತಿಳಿದ ಮೊದಲ ಫೆರೋಮೋನ್ ಅದೇ. ಇಂದು ತರಕಾರಿ ತೋಟಗಳಲ್ಲಿ, ಮಾವಿನ ತೋಟಗಳಲ್ಲಿ ಕೀಟ ಹಿಡಿಯಲು ನೇತುಹಾಕುವ ಮೋಹಕ ಬಲೆಗಳ ಹಿಂದಿನ ಜ್ಞಾನ ಅಲ್ಲಿಂದ ಶುರುವಾಯಿತು. ನಮ್ಮ ಮನೆಗಳಲ್ಲಿ ನೂಲು ತೆಗೆದ ಮೇಲೆ ಬುಟ್ಟಿ ಬುಟ್ಟಿ ಹೊರಬರುವ, ವಾಸನೆ ಎಂದು ಮೂಗು ಮುಚ್ಚಿಕೊಳ್ಳುವ ಅದೇ ಪ್ಯೂಪಾದಿಂದ ವಿಜ್ಞಾನದ ಎರಡು ದೊಡ್ಡ ಬಾಗಿಲುಗಳು ತೆರೆದವು.

ಇನ್ನು ದಾರದ ವಿಷಯ. ಹುಳುವಿನ ಮೈಯಲ್ಲಿ ಎರಡು ರೇಷ್ಮೆ ಗ್ರಂಥಿಗಳಿವೆ. ಅವು ಮಾರ್ಪಾಡಾದ ಜೊಲ್ಲು ಗ್ರಂಥಿಗಳು. ಎರಡರಿಂದಲೂ ಫೈಬ್ರಾಯಿನ್ ಎಂಬ ಪ್ರೋಟೀನಿನ ಎಳೆ ಬರುತ್ತದೆ, ಸೆರಿಸಿನ್ ಎಂಬ ಅಂಟು ಎರಡನ್ನೂ ಸೇರಿಸಿ ಒಂದೇ ಎಳೆ ಮಾಡುತ್ತದೆ. ಹುಳು ಎರಡು ಮೂರು ದಿನ ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತಾ, ನಡುವೆ ಕಡಿಯದೆ ಈ ಎಳೆಯನ್ನು ಸುತ್ತುತ್ತದೆ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಎಳೆ ಇರುತ್ತದೆ. ನಮ್ಮ ಅಬ್ಬಾ, ಚಾಚಾಗಳು ಗೂಡನ್ನು ಬಿಸಿನೀರಿಗೆ ಹಾಕುವುದು ಯಾಕೆ? ಸೆರಿಸಿನ್ ಮೆತ್ತಗಾಗಿ ಎಳೆ ಬಿಟ್ಟುಕೊಳ್ಳಲಿ ಎಂದು. ಪತಂಗ ಹೊರಬರುವ ಮೊದಲೇ ಗೂಡನ್ನು ಹಬೆಗೆ ಹಾಕುವುದು ಯಾಕೆ? ಪತಂಗ ಬಾಯಿಂದ ಒಂದು ಕಿಣ್ವ ಬಿಟ್ಟು ಗೂಡಿನ ತುದಿಯನ್ನು ಸಡಿಲ ಮಾಡಿ ತೂರಿ ಬರುತ್ತದೆ. ಆಮೇಲೆ ಆ ಗೂಡಿನಿಂದ ಒಂದೇ ಎಳೆಯಾಗಿ ನೂಲು ಬಿಚ್ಚಲು ಆಗುವುದಿಲ್ಲ. ಇದು ಪ್ರಾಣ ತೆಗೆಯುವ ಕೆಲಸ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ನಾವು ತಿನ್ನುವ ಅನ್ನದಲ್ಲಿ ಎಷ್ಟು ಜೀವಗಳ ಪಾಲಿದೆ ಎಂದು ತಿಳಿದು ತಿಂದರೆ ಅನ್ನದ ಬಗ್ಗೆ ಗೌರವ ಹೆಚ್ಚುತ್ತದೆ, ದಾರವನ್ನು ದಂಡ ಮಾಡುವುದು ಕಡಿಮೆಯಾಗುತ್ತದೆ.

ಇದೆಲ್ಲ ಕೇಳಲು ಚೆಂದ, ಆದರೆ ಇದರಿಂದ ಮನೆಗೇನು ಲಾಭ ಎಂದು ಕೇಳುವವರಿಗಾಗಿ ರೋಗಗಳ ಮಾತು. 1835ರಲ್ಲಿ ಇಟಲಿಯ ಅಗೋಸ್ತಿನೊ ಬಾಸ್ಸಿ ರೇಷ್ಮೆಹುಳುವಿನ ಸುಣ್ಣಕಟ್ಟು ರೋಗ ಒಂದು ಶಿಲೀಂಧ್ರದಿಂದ ಬರುತ್ತದೆ ಎಂದು ತೋರಿಸಿದ. ಪ್ರಾಣಿಯ ರೋಗವೊಂದು ಸೂಕ್ಷ್ಮಜೀವಿಯಿಂದ ಬರುತ್ತದೆ ಎಂದು ಸಾಬೀತಾದದ್ದು ಅದೇ ಮೊದಲು. 1865ರಲ್ಲಿ ಲೂಯಿ ಪಾಶ್ಚರ್ ಫ್ರಾನ್ಸಿನ ಅಲೆಸ್ ಎಂಬ ಊರಿಗೆ ಹೋಗಿ, ಅಲ್ಲಿನ ರೇಷ್ಮೆ ಉದ್ಯಮವನ್ನೇ ನೆಲಕ್ಕೆ ಹಾಕಿದ್ದ ಗಂಟುರೋಗದ ಮೇಲೆ ಕೆಲಸ ಮಾಡಿದ. ಅದು ತಾಯಿಯಿಂದ ಮೊಟ್ಟೆಗೆ ದಾಟುವ ರೋಗ. ಅವನು ಕಂಡುಕೊಂಡ ಉಪಾಯ ಬಹಳ ಸರಳ: ಪ್ರತಿ ಹೆಣ್ಣು ಪತಂಗ ಬೇರೆ ಬೇರೆಯಾಗಿ ಮೊಟ್ಟೆ ಇಡಲಿ, ಆಮೇಲೆ ತಾಯಿಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡಿ, ರೋಗದ ಬೀಜಾಣು ಕಂಡರೆ ಅದರ ಮೊಟ್ಟೆಗಳನ್ನು ಸುಟ್ಟುಬಿಡಿ. ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ‘ರೋಗರಹಿತ ಮೊಟ್ಟೆ’ ತಯಾರಾಗುವುದು ಇದೇ ತತ್ವದ ಮೇಲೆ. ನೂರೈವತ್ತು ವರ್ಷ ಹಳೆಯ ಈ ಪರೀಕ್ಷೆಗೆ ಬೇಕಾದ್ದು ಒಂದು ಸಾಧಾರಣ ಮೈಕ್ರೋಸ್ಕೋಪು. ನಮ್ಮ ಲ್ಯಾಬಿನಲ್ಲಿ ಅಂಥವು ಕವರು ಹೊದ್ದು ಕೂತಿವೆ.

ಊಜಿ ನೊಣದ ಕಥೆ ನಮಗೆ ಇನ್ನೂ ಹತ್ತಿರದ್ದು. 1980ಕ್ಕೆ ಮೊದಲು ಕರ್ನಾಟಕದಲ್ಲಿ ಅದರ ಕಾಟ ಇರಲಿಲ್ಲ. ಆ ವರ್ಷ ಪಶ್ಚಿಮ ಬಂಗಾಳದ ಗೂಡಿನ ಜೊತೆ ಅದು ಇಲ್ಲಿಗೆ ಬಂತು. ಅದೂ ಒಂದು ಅಕಶೇರುಕವೇ. ಹುಳುವಿನ ಮೈಮೇಲೆ ಸಣ್ಣ ಬಿಳಿ ಮೊಟ್ಟೆ ಇಡುತ್ತದೆ. ಮರಿ ಚರ್ಮ ಕೊರೆದು ಒಳಗೆ ಹೋಗುತ್ತದೆ, ಆ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ. ಹುಳು ಗೂಡು ಕಟ್ಟಿದರೂ ಊಜಿ ಮರಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ಎಳೆ ತುಂಡಾಗುತ್ತದೆ. ಅಂಥ ಗೂಡು ಹೆಚ್ಚಾದರೆ ರೈತನಿಗೂ ನಷ್ಟ, ಕೊಂಡ ರೀಲರ್‌ಗೂ ನಷ್ಟ; ರೆಂಡಿಟ್ಟ ಕೈಕೊಟ್ಟಿತು ಎಂದು ರಾತ್ರಿ ಮನೆಯಲ್ಲಿ ಮಾತು ನಿಲ್ಲುತ್ತದೆ. ಈ ನೊಣವನ್ನು ಹಿಡಿತಕ್ಕೆ ತಂದದ್ದರಲ್ಲಿ ನೈಲಾನ್ ಪರದೆಯ ಜೊತೆ ಇನ್ನೊಂದು ಕೀಟದ ಪಾಲೂ ಇದೆ: ನೆಸೊಲಿಂಕ್ಸ್ ಥೈಮಸ್ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಣಜ. ಅದು ಊಜಿಯ ಪ್ಯೂಪಾದೊಳಗೆ ಮೊಟ್ಟೆ ಇಟ್ಟು ಅದನ್ನು ಮುಗಿಸುತ್ತದೆ. ಹುಳುಮನೆಗೆ ವಿಷ ಹೊಡೆದರೆ ರೇಷ್ಮೆಹುಳುವೇ ಮೊದಲು ಸಾಯುತ್ತದೆ, ಆದ್ದರಿಂದ ಇಲ್ಲಿ ಕೀಟವನ್ನು ಗೆಲ್ಲಲು ಕೀಟದ ಬದುಕನ್ನು ತಿಳಿಯದೆ ಬೇರೆ ದಾರಿ ಇಲ್ಲ.

ಹೀಗಿದ್ದರೂ ನಮ್ಮಲ್ಲಿ ಒಂದು ನಾಚಿಕೆ ಇದೆ. ಅದನ್ನು ಬರೆಯದೆ ಬಿಟ್ಟರೆ ಈ ಲೇಖನ ಪೂರ್ತಿಯಾಗುವುದಿಲ್ಲ. ಪಿಯುಸಿಗೆ ಸೇರಿದ ಹೊಸದರಲ್ಲಿ ನಿಮ್ಮಪ್ಪ ಏನು ಮಾಡುತ್ತಾರೆ ಎಂದು ಕೇಳಿದಾಗ ‘ಬಿಸಿನೆಸ್’ ಎಂದು ಹೇಳಿದವರು ನಮ್ಮ ತರಗತಿಯಲ್ಲಿ ಬಹಳ ಜನ. ಫಿಲೇಚರ್ ಎಂದು ಹೇಳಿದರೆ ವಾಸನೆ ನೆನಪಾಗುತ್ತದೆ ಎಂಬ ಭಯ. ಬೆಂಗಳೂರಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತವರೊಬ್ಬರು ನಮ್ಮೂರಿನ ಹೆಸರು ಕೇಳಿ ‘ಓ, ಆ ವಾಸನೆ ಊರಾ’ ಎಂದದ್ದುಂಟು. ಅವರ ಮಡಿಲಲ್ಲಿ ಇದ್ದದ್ದು ಒಂದು ರೇಷ್ಮೆ ಸೀರೆಯ ಅಂಗಡಿಯ ಚೀಲ. ನಮ್ಮಲ್ಲಿ ಗಂಡಸರು ರೇಷ್ಮೆ ಉಡುವ ಪದ್ಧತಿಯಿಲ್ಲ. ತಾವು ಉಡದ ಬಟ್ಟೆಗೆ ದಿನವಿಡೀ ಬಿಸಿನೀರಿನ ಮುಂದೆ ನಿಂತು ನೂಲು ತೆಗೆದು ಮಕ್ಕಳನ್ನು ಓದಿಸುವವರು ನಮ್ಮ ಅಬ್ಬಾಂದಿರು. ಅಮ್ಮಿಯ ಬೆರಳ ತುದಿಗಳು ಮಳೆಗಾಲದಲ್ಲಿ ಬಿರಿಯುತ್ತವೆ. ಇದರಲ್ಲಿ ನಾಚಿಕೆ ಪಡುವುದು ಏನಿದೆ?

ಇಲ್ಲೊಂದು ನ್ಯಾಯವಾದ ಆಕ್ಷೇಪ ಇದೆ. ‘ನಾವು ಈ ಕೆಲಸದಿಂದ ಹೊರಬರಲಿ ಎಂದೇ ಮನೆಯವರು ಓದಿಸುತ್ತಿದ್ದಾರೆ. ಕಾಲೇಜಿಗೆ ಬಂದ ಮೇಲೂ ಅದೇ ಹುಳ ಯಾಕೆ?’ ಎಂದು ನನ್ನ ಗೆಳತಿಯೊಬ್ಬಳು ಕೇಳಿದಳು. ಅವಳ ಮಾತಿನ ಹಿಂದೆ ಇರುವ ಆಯಾಸ ನನಗೆ ಗೊತ್ತು. ಬೇಸಿನ್ ಮುಂದೆ ನಿಲ್ಲಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ವೈದ್ಯರಾಗಬೇಕೆಂದಿರುವವರಿಗೆ ರೀಲಿಂಗ್ ಕಾರ್ಮಿಕರಿಗೆ ಉಬ್ಬಸ, ಚರ್ಮರೋಗ ಯಾಕೆ ಬರುತ್ತದೆ ಎಂಬ ಪ್ರಶ್ನೆ ಕಾಯುತ್ತಿದೆ. ರಸಾಯನಶಾಸ್ತ್ರ ಇಷ್ಟವಿರುವವರಿಗೆ ಚರಂಡಿಗೆ ಹೋಗುವ ಸೆರಿಸಿನ್ ಇದೆ. ಇಂಜಿನಿಯರ್ ಆಗುವವರಿಗೆ ಕೈ ಸುಡದ ಯಂತ್ರದ ಕೆಲಸ ಬಾಕಿ ಇದೆ. ನಮ್ಮದೇ ಜಿಲ್ಲೆಯ ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಮಹಾವಿದ್ಯಾಲಯ ಇದೆ, ಮೈಸೂರಿನಲ್ಲಿ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ. ನೀಟ್ ಒಂದೇ ಬಾಗಿಲು ಎಂದುಕೊಂಡು ಅಲ್ಲಿ ಸೀಟು ಸಿಗದಿದ್ದರೆ ಓದನ್ನೇ ಬಿಡುವ ನಮ್ಮ ಹುಡುಗಿಯರಿಗೆ ಈ ಹೆಸರುಗಳನ್ನು ಯಾರಾದರೂ ಹೇಳಬೇಕು. ಅರ್ಥಮಾಡಿಕೊಂಡು ಬಿಟ್ಟು ಹೋಗುವುದಕ್ಕೂ ನಾಚಿಕೊಂಡು ಓಡಿಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ.

ಇನ್ನೊಂದು ಆಕ್ಷೇಪ ಸಮಯದ್ದು. ಸಿಲಬಸ್ ಮುಗಿಯುವುದೇ ಕಷ್ಟ, ಹುಳ ಯಾರು ಸಾಕುತ್ತಾರೆ? ಲೆಕ್ಕ ಹಾಕೋಣ. ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಐವತ್ತು ಹುಳು ತಂದರೆ ಗೂಡು ಕಟ್ಟುವವರೆಗೆ ಹದಿನೆಂಟರಿಂದ ಇಪ್ಪತ್ತು ದಿನ. ಒಟ್ಟು ಎರಡು ಕೆ.ಜಿ. ಸೊಪ್ಪು ಸಾಕು, ಅದನ್ನು ತಂದುಕೊಡಲು ಹಳ್ಳಿಯ ಗೆಳೆಯರು ಎಷ್ಟು ಬೇಕಾದರೂ ಇದ್ದಾರೆ. ಒಂದು ತಟ್ಟೆ, ಒಂದು ಸಣ್ಣ ಚಂದ್ರಿಕೆ, ಮೇಲೊಂದು ಪರದೆ. ದಿನಕ್ಕೆ ಮೂರು ಸಲ ಸೊಪ್ಪು ಹಾಕಿ ಕಸ ತೆಗೆಯಲು ಹತ್ತು ಹತ್ತು ನಿಮಿಷ. ಭಾನುವಾರಕ್ಕೆ ಪಾಳಿ. ಫಾರ್ಮಲಿನ್ ಬಾಟಲಿಗಳ ಹತ್ತಿರ ಇಡಬಾರದು, ಆ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಬಾರದು, ಕೈ ತೊಳೆದೇ ಮುಟ್ಟಬೇಕು. ಶಿಸ್ತು ಕಲಿಯಲು ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಒಂದು ದಿನ ಮರೆತರೂ ಹುಳು ಕ್ಷಮಿಸುವುದಿಲ್ಲ.

ಪ್ರತಿದಿನ ಹತ್ತು ಹುಳುಗಳ ತೂಕ ಬರೆದರೆ ಗ್ರಾಫ್ ಸಿಗುತ್ತದೆ, ಗಣಿತದವರಿಗೂ ಕೆಲಸ. ಬೆನ್ನಿನ ಮಿಡಿತ ಎಣಿಸಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹೋಲಿಸಬಹುದು. ಕೆಲವು ಗೂಡುಗಳನ್ನು ಹಾಗೇ ಬಿಟ್ಟರೆ ಸುಮಾರು ಹತ್ತು ಹನ್ನೆರಡು ದಿನಕ್ಕೆ ಪತಂಗ ಬರುತ್ತದೆ. ಅದು ಏನನ್ನೂ ತಿನ್ನುವುದಿಲ್ಲ, ಹಾರಲೂ ಆಗುವುದಿಲ್ಲ. ಸಾವಿರಾರು ವರ್ಷ ಮನುಷ್ಯನ ಆಸರೆಯಲ್ಲಿ ಬದುಕಿ ಅದರ ರೆಕ್ಕೆ ಕೆಲಸ ಬಿಟ್ಟಿದೆ. ಹೆಣ್ಣು ನಾನೂರು ಐನೂರು ಮೊಟ್ಟೆ ಇಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಮೊಟ್ಟೆ, ಹುಳು, ಪ್ಯೂಪಾ, ಪತಂಗ ಎಂಬ ನಾಲ್ಕು ಹಂತದ ಪೂರ್ಣ ರೂಪಾಂತರವನ್ನು ಒಮ್ಮೆ ಕಣ್ಣಾರೆ ನೋಡಿದವರು ಜನ್ಮದಲ್ಲಿ ಮರೆಯುವುದಿಲ್ಲ. ಗೂಡು ಬಿಚ್ಚುವುದನ್ನು ತೋರಿಸಲು ಹೊರಗಿನ ತಜ್ಞರು ಬೇಡ. ನಮ್ಮ ಪೋಷಕರಲ್ಲೇ ಒಬ್ಬರನ್ನು ಕರೆದು, ಕುರ್ಚಿ ಹಾಕಿ ಕೂರಿಸಿ, ಮೈಕ್ ಕೊಡೋಣ. ಪೋಷಕರ ಸಭೆಯಲ್ಲಿ ಅಂಕಪಟ್ಟಿಗೆ ಸಹಿ ಹಾಕಲು ಮಾತ್ರ ಬರುವ ಅವರು ಒಂದು ದಿನ ನಮ್ಮ ಕಾಲೇಜಿನಲ್ಲಿ ಪಾಠ ಮಾಡಲಿ.

ಜೀವಶಾಸ್ತ್ರ ವಿಭಾಗದ ಮೇಡಂ ಮತ್ತು ಸರ್‌ಗಳಲ್ಲಿ, ಪ್ರಾಂಶುಪಾಲರಲ್ಲಿ, ಆಡಳಿತ ಮಂಡಳಿಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಬರುವ ವರ್ಷ ‘ಪ್ರಾಣಿ ಸಾಮ್ರಾಜ್ಯ’ ಪಾಠ ಶುರುವಾಗುವ ವಾರ ಲ್ಯಾಬಿನ ಕಿಟಕಿಯ ಪಕ್ಕದ ಮೇಜನ್ನು ಖಾಲಿ ಮಾಡಿಕೊಡಿ. ಸೊಪ್ಪಿನ ಪಾಳಿಗೆ ನಾನು ಮೊದಲ ಹೆಸರು ಬರೆಸುತ್ತೇನೆ. ನನ್ನ ಪರೀಕ್ಷೆ ಮುಗಿದಿದ್ದರೂ ಬರುತ್ತೇನೆ, ಮನೆ ಇಲ್ಲೇ ಇದೆ. ಉಳಿದವರು ಹೆಸರು ಕೊಡಲು ಸ್ಟಾಫ್ ರೂಮಿನ ಹೊರಗೆ ಒಂದು ಹಾಳೆ ಅಂಟಿಸುತ್ತೇನೆ, ಒಪ್ಪಿಗೆ ಸಿಕ್ಕಿದ ದಿನವೇ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ